ಮಗಳಿಗೊಂದು ಪತ್ರ: ಹತ್ತು ಕ್ರೋನಿನ ನೋಟು

ಚಿನ್ನಿ,

ಆಸ್ಟ್ರಿಯಾದ ಪೌರತ್ವದ ಅರ್ಜಿಗೆ ಅಂತ ನೀನು ಕೇಳಿದ್ದ ಜನನ ಪ್ರಮಾಣಪತ್ರ ಸಿಕ್ಕಿತು. ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ, ಮಾಡಿಸಲು ಏಜೆಂಟರ ಕೈಗೆ ಕೊಟ್ಟಿದ್ದೇನೆ. ಬಂದ ತಕ್ಷಣ ಕೊರಿಯರ್ ಮಾಡುತ್ತೇನೆ. ಅದರ ಜೊತೆ ಒಂದು ಕಾಗದವೂ ಇರಲಿ ಅಂತ ಕೂತೆ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಮಾತು ಒಬ್ಬರು ಮುಗಿಸಲು ಬಿಡುವುದಿಲ್ಲ, ಅಲ್ವಾ?

ಆವತ್ತು ಯಾರು ಏನಂದರು ಅಂತ ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ನಾನು ಫೋನ್ ಕಟ್ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. "ಪಾಸ್‌ಪೋರ್ಟ್ ಅಂದ್ರೆ ಒಂದು ಪುಸ್ತಕ ಅಷ್ಟೇ ಅವ್ವಾ" ಅಂದೆಯಲ್ಲ, ಅದೊಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಇಡೀ ನೌಕರಿ ಬ್ಯಾಂಕಿನ ಕ್ಯಾಷ್ ಕೌಂಟರಿನ ಹಿಂದೆ ಕಳೆದವಳು ನಾನು. ನನ್ನ ಮುಂದೆ ಕಾಗದಕ್ಕೆ "ಅಷ್ಟೇ" ಅನ್ನಬಾರದು.

ನೀನಿರುವ ವಿಯೆನ್ನಾಕ್ಕೆ ಬಂದಾಗ ನಾಷ್‌ಮಾರ್ಕ್ಟಿನ ಹಳೇ ಸಾಮಾನಿನ ಸಂತೆಯಲ್ಲಿ ನನಗೊಂದು ನೋಟು ಕೊಡಿಸಿದೆಯಲ್ಲ, ಅದನ್ನು ಈಗ ಎದುರಿಗೆ ಇಟ್ಟುಕೊಂಡಿದ್ದೇನೆ. ಹಳೇ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ದುಡ್ಡು, 1915ರ ಹತ್ತು ಕ್ರೋನ್. ನೀನು ಚೌಕಾಸಿ ಮುಗಿಸಿ ಕಾಫಿಗೆ ಹೊರಟಿದ್ದೆ. ನಾನು ಅಲ್ಲೇ ನಿಂತು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಭ್ಯಾಸ ಬಿಡುವುದಿಲ್ಲ ನೋಡು.

ಆ ನೋಟಿನ ಒಂದು ಮಗ್ಗುಲಲ್ಲಿ ಜರ್ಮನ್. ಸುತ್ತ ಸಣ್ಣ ಅಕ್ಷರದಲ್ಲಿ ಇನ್ನೂ ಎಂಟು ಭಾಷೆಗಳಲ್ಲಿ "ಹತ್ತು ಕ್ರೋನ್" ಅಂತಿದೆ. ಚೆಕ್‌ನಲ್ಲಿ ದೆಸೆತ್ ಕೊರುನ್, ಸ್ಲೊವೀನ್‌ನಲ್ಲಿ ದೆಸೆತ್ ಕ್ರೋನ್, ಕ್ರೊಯೇಷಿಯನ್‌ನಲ್ಲಿ ದೆಸೆತ್ ಕ್ರುನಾ. ಅದನ್ನೇ ಸೆರ್ಬಿಯನ್ನರಿಗೆ ಬೇರೆ ಲಿಪಿಯಲ್ಲಿ ಬರೆದಿದ್ದಾರೆ. ಇಟಾಲಿಯನ್, ಪೋಲಿಷ್, ರುಥೇನಿಯನ್ (ಈಗಿನ ಉಕ್ರೇನಿಯನ್), ರೊಮೇನಿಯನ್ ಕೂಡ ಇವೆ. ನಮ್ಮ ನೋಟಿನ ಹಿಂದೆ 15 ಭಾಷೆಗಳ ಪಟ್ಟಿ ಇದೆಯಲ್ಲ, ಕನ್ನಡ ಮೇಲಿನಿಂದ ನಾಲ್ಕನೆಯದು, ಹಾಗೇ. ಮಗುಚಿ ಹಾಕಿದರೆ ಬರೀ ಹಂಗೇರಿಯನ್. 1867ರ ಒಪ್ಪಂದದಲ್ಲಿ ಸಾಮ್ರಾಜ್ಯ ಎರಡು ಪಾಲಾಗಿ, ಒಂದು ಪಾಲು ಬುಡಾಪೆಸ್ಟಿನ ಕೈಗೆ ಹೋಯಿತು. ಆ ಪಾಲಿನಲ್ಲಿ ಹಂಗೇರಿಯನ್ ಮಾತಾಡುವವರು ಅರ್ಧದ ಆಸುಪಾಸು. ಉಳಿದ ಸ್ಲೊವಾಕರು, ರೊಮೇನಿಯನ್ನರು, ಸೆರ್ಬರು, ಜರ್ಮನ್ನರಿಗೆ ನೋಟಿನ ಆ ಮಗ್ಗುಲಲ್ಲಿ ಒಂದಕ್ಷರದ ಜಾಗವೂ ಇಲ್ಲ. ಒಂದೇ ನೋಟು, ಎರಡು ಮುಖ. ಇಷ್ಟು ನೋಡಿದರೆ ಅರ್ಧ ಚರಿತ್ರೆ ಗೊತ್ತಾಗುತ್ತದೆ ಅಂತ ನನಗನ್ನಿಸುತ್ತದೆ. ನೀನು ನಗುತ್ತೀಯ.

ಅದರ ಮೇಲೆ ಒಂದು ಮೊಹರಿದೆ: "ಡಾಯ್ಚ್‌ಓಸ್ಟರ್‌ರೈಖ್", ಅಂದರೆ ಜರ್ಮನ್ ಆಸ್ಟ್ರಿಯಾ. ಅದನ್ನು ಓದಿ ಹೇಳಿದವಳು ನೀನೇ. ನಾನು ಊರಿಗೆ ಬಂದ ಮೇಲೆ ಲೈಬ್ರರಿ, ಇಂಟರ್ನೆಟ್ಟು ಎಲ್ಲ ಕೆದಕಿದೆ. ರಿಟೈರ್ ಆದವಳಿಗೆ ಬೇರೆ ಏನು ಕೆಲಸ?

1918ರ ಅಕ್ಟೋಬರ್ 16ಕ್ಕೆ ಚಕ್ರವರ್ತಿ ಕಾರ್ಲ್ ಆಸ್ಟ್ರಿಯಾ ಪಾಲಿನ ಪ್ರಜೆಗಳಿಗೆ ಒಂದು ಪ್ರಕಟಣೆ ಹೊರಡಿಸಿದ. ಒಂದೊಂದು ಜನಾಂಗಕ್ಕೂ ಅದರದೇ ರಾಜ್ಯ, ಎಲ್ಲ ಸೇರಿ ಒಕ್ಕೂಟ ಅಂತ. ಹೊತ್ತು ಮೀರಿತ್ತು. 28ಕ್ಕೆ ಪ್ರಾಗ್‌ನಲ್ಲಿ ಚೆಕೊಸ್ಲೊವಾಕಿಯ ಘೋಷಣೆಯಾಯಿತು. ಮರುದಿನ ಜಾಗ್ರೆಬ್‌ನಲ್ಲಿ ಕ್ರೊಯೇಷಿಯನ್ನರು ಬೇರೆಯಾದರು. ನವೆಂಬರ್ 12ಕ್ಕೆ ವಿಯೆನ್ನಾದವರೇ ನಮ್ಮದೂ ಗಣರಾಜ್ಯ ಅಂದರು. ಸುಮಾರು 5 ಕೋಟಿ ಜನರ ದೇಶ ಒಂದು ತಿಂಗಳೊಳಗೆ ಇಲ್ಲವಾಯಿತು. ಭಾಷೆಯ ಜಗಳದಿಂದಲೇ ಅದು ಒಡೆಯಿತು ಅಂತ ನಾವು ಶಾಲೆಯಲ್ಲಿ ಓದಿದ್ದು. ನನಗೆ ಈಗ ಅಷ್ಟು ನಂಬಿಕೆಯಿಲ್ಲ. ಜಗಳ ಇತ್ತು, ಜೋರಾಗಿಯೇ ಇತ್ತು. ವಿಯೆನ್ನಾದ ಪಾರ್ಲಿಮೆಂಟಿನಲ್ಲಿ ಸದಸ್ಯರು ಅವರವರ ಭಾಷೆಯಲ್ಲಿ ಭಾಷಣ ಹೊಡೆಯುತ್ತಿದ್ದರು, ಅನುವಾದ ಮಾಡುವವರೇ ಇರಲಿಲ್ಲ. ಆದರೂ 1907ರಲ್ಲಿ ಅಲ್ಲಿ ಗಂಡಸರಿಗೆಲ್ಲ ವೋಟು ಬಂತು. ಬೈದಾಡಿಕೊಂಡೇ ಮನೆ ನಡೆಯುತ್ತಿತ್ತು. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮುರಿದದ್ದು ಮೊದಲ ಮಹಾಯುದ್ಧ. 1918ರ ಜನವರಿಯಲ್ಲಿ ಹಿಟ್ಟಿನ ಪಡಿ ಕಡಿಮೆ ಮಾಡಿದಾಗ ವಿಯೆನ್ನಾದ ಕಾರ್ಖಾನೆಗಳೆಲ್ಲ ನಿಂತವು. ರೊಟ್ಟಿ ಕೊಡದ ಸರ್ಕಾರ ಯಾವ ಭಾಷೆಯಲ್ಲಿ ಮಾತಾಡಿದರೂ ಯಾರು ಕೇಳುತ್ತಾರೆ?

ನೋಟಿನ ವಿಷಯಕ್ಕೆ ಬರುತ್ತೇನೆ. ದೇಶ ಹೋಯಿತು, ದುಡ್ಡು ಉಳಿಯಿತು. ಹೊಸ ದೇಶಗಳಲ್ಲೆಲ್ಲ ಅದೇ ಕ್ರೋನ್ ಓಡಾಡುತ್ತಿತ್ತು. ವಿಯೆನ್ನಾದಲ್ಲಿ ಅಚ್ಚು ಹಾಕುತ್ತಲೇ ಇದ್ದರು, ಬೆಲೆ ಇಳಿಯುತ್ತಲೇ ಇತ್ತು. ಅದಕ್ಕೆ 1919ರ ಜನವರಿಯಲ್ಲಿ ಯುಗೊಸ್ಲಾವರು ತಮ್ಮ ಕಡೆ ಇದ್ದ ನೋಟಿಗೆ ಮೊಹರು ಹೊಡೆದರು. ಫೆಬ್ರುವರಿ ಕೊನೆಗೆ ಚೆಕ್ ಹಣಕಾಸು ಮಂತ್ರಿ ಅಲೊಯಿಸ್ ರಾಶಿನ್ ಗಡಿ ಮುಚ್ಚಿಸಿದ. ಮಾರ್ಚ್ ಮೊದಲ ವಾರ ಜನ ನೋಟು ಹಿಡಿದು ಕ್ಯೂ ನಿಂತರು. ತಂದದ್ದರಲ್ಲಿ ಅರ್ಧದಷ್ಟು ಸರ್ಕಾರ ಸಾಲ ಅಂತ ಹಿಡಿದಿಟ್ಟುಕೊಂಡಿತು, ಉಳಿದದ್ದಕ್ಕೆ ಪುಟ್ಟ ಚೀಟಿ ಅಂಟಿಸಿ ವಾಪಸ್ ಕೊಟ್ಟಿತು. ಅದೇ ತಿಂಗಳು ಆಸ್ಟ್ರಿಯಾದವರೂ ಮೊಹರು ಹೊಡೆದರು, ನನ್ನ ನೋಟಿನ ಮೇಲಿರುವುದು ಅದೇ. ಖೋಟಾ ಮೊಹರೂ ಬಂತು, ಖೋಟಾ ಚೀಟಿಯೂ ಬಂತು. ಎಲ್ಲಿ ಬೆಲೆ ಜಾಸ್ತಿಯೋ ಅಲ್ಲಿಗೆ ಕಳ್ಳಸಾಗಣೆ.

ಪ್ರಾಗ್‌ನ ಆ ಕೌಂಟರಿನಲ್ಲಿ ಕೂತಿದ್ದವರ ಬಗ್ಗೆ ನಾನು ಎಷ್ಟು ಯೋಚಿಸಿದ್ದೇನೋ ಲೆಕ್ಕವಿಲ್ಲ. ಕಟ್ಟು ಬಿಚ್ಚಬೇಕು, ಎಣಿಸಬೇಕು, ಅರ್ಧ ಆ ಕಡೆ, ಅರ್ಧ ಈ ಕಡೆ. ಒಂದೊಂದಕ್ಕೂ ಚೀಟಿ ಅಂಟಿಸಬೇಕು. ಬೆರಳೆಲ್ಲ ಅಂಟು. ಮುಂದೆ ನಿಂತವನು ಬೈಯುತ್ತಿರುತ್ತಾನೆ, ಹಿಂದಿನವನು ತಳ್ಳುತ್ತಿರುತ್ತಾನೆ. 2016ರ ನವೆಂಬರಿನಲ್ಲಿ ನಾವು ಪಟ್ಟ ಪಾಡು ನೀನು ನೋಡಿದ್ದೀಯ. ರಾತ್ರಿ ಊಟಕ್ಕೆ ಕೂತಾಗ ಬೆರಳು ಮಡಚಲು ಬರುತ್ತಿರಲಿಲ್ಲ. ಆದರೂ ನಾವು ಕೇಳುತ್ತಿದ್ದದ್ದು ಆಧಾರ್ ಜೆರಾಕ್ಸ್ ಮಾತ್ರ. ನೀನು ಯಾವ ಜನಾಂಗ ಅಂತ ಕೇಳುವ ಕೆಲಸ ನಮಗಿರಲಿಲ್ಲ, ಪುಣ್ಯ. ಅಲ್ಲಿ ನೋಟು ವಿಂಗಡಿಸಿದ ಮೇಲೆ ಮನುಷ್ಯರನ್ನೂ ವಿಂಗಡಿಸಿದರು. ನನ್ನ ಭಯವೆಲ್ಲ ಇಲ್ಲೇ ಇರುವುದು. ನೀನು ಓದದೆ ಪುಟ ತಿರುಗಿಸಬೇಡ.

ಹಳೇ ಸಾಮ್ರಾಜ್ಯದಲ್ಲಿ ಪ್ರತಿಯೊಬ್ಬರಿಗೂ ಕಾಗದದ ಮೇಲೆ ಒಂದು ಮೂಲ ಊರು ಇರುತ್ತಿತ್ತು. ನಮ್ಮ ಫಾರಂಗಳಲ್ಲಿ "ನೇಟಿವ್ ಪ್ಲೇಸ್" ಅಂತ ತುಂಬುತ್ತೇವಲ್ಲ, ಆದರೆ ಅಲ್ಲಿ ಅದಕ್ಕೆ ಕಾನೂನಿನ ಬಲ ಇತ್ತು. ವಿಯೆನ್ನಾದಲ್ಲೇ ಹುಟ್ಟಿ ಬೆಳೆದವನ ಮೂಲ ಊರು ಚೆಕ್ಕರ ನಾಡಾದ ಬೊಹೆಮಿಯದ ಯಾವುದೋ ಹಳ್ಳಿ ಅಂತ ಇರಬಹುದಿತ್ತು. ಅವನು ಆ ಹಳ್ಳಿ ಕಂಡೇ ಇಲ್ಲ. ದೇಶ ಒಡೆದಾಗ ಪೌರತ್ವ ನಿಂತದ್ದು ಆ ಊರಿನ ಮೇಲೆ. ನಿಮ್ಮ ಕಟ್ಟಡದ ಬೆಲ್ ಪಟ್ಟಿಯಲ್ಲಿ ನೊವಾಕ್, ಸ್ವೊಬೊಡಾ ಅಂತ ಚೆಕ್ ಹೆಸರುಗಳಿವೆಯಲ್ಲ, ಅಂಥವರ ಮುತ್ತಜ್ಜಂದಿರು ಎಷ್ಟೋ ಮಂದಿ ಕೂತ ಜಾಗದಲ್ಲೇ ವಿದೇಶಿಯರಾದರು.

ಯುದ್ಧ ಗೆದ್ದವರು ಆಸ್ಟ್ರಿಯಾದ ಜೊತೆ ಮಾಡಿಕೊಂಡ 1919ರ ಸೆಪ್ಟೆಂಬರಿನ ಸಾನ್ ಜೆರ್ಮೇನ್ ಒಪ್ಪಂದ ಇದಕ್ಕೊಂದು ದಾರಿ ಮಾಡಿತ್ತು. 80ನೇ ವಿಧಿ. ಯಾವ ದೇಶದ ಬಹುಸಂಖ್ಯಾತರ ಜನಾಂಗ ಮತ್ತು ಭಾಷೆ ನಿನ್ನದೂ ಆಗಿದೆಯೋ ಆ ದೇಶವನ್ನು ಆರಿಸಿಕೊಳ್ಳಬಹುದು ಅಂತ. ಯುದ್ಧದಲ್ಲಿ ಸಾಮ್ರಾಜ್ಯದ ಪೂರ್ವದ ಪ್ರಾಂತ ಗಲಿಷಿಯಕ್ಕೆ ರಷ್ಯನ್ ಸೈನ್ಯ ನುಗ್ಗಿದಾಗ ಸಾವಿರಾರು ಯಹೂದಿಗಳು ವಿಯೆನ್ನಾಕ್ಕೆ ಓಡಿ ಬಂದಿದ್ದರು. ತುಂಬಾ ಮಂದಿ ಇಳಿದದ್ದು ನೀನು ಈಗ ಇರುವ ಲಿಯೊಪೋಲ್ಡ್‌ಸ್ಟಾಟ್ ಬಡಾವಣೆಯಲ್ಲೇ. ಚಕ್ರವರ್ತಿಗೆ ನಿಷ್ಠೆಯಿಂದ ಇದ್ದವರು, ಅವನ ಸೈನ್ಯದಲ್ಲಿ ದುಡಿದವರು. ಅವರಲ್ಲಿ ಜರ್ಮನ್ ನಮ್ಮ ಭಾಷೆ ಅಂತ ಅರ್ಜಿ ಹಾಕಿದವರೂ ಇದ್ದರು. 1921ರಲ್ಲಿ ಆಸ್ಟ್ರಿಯಾದ ಒಳಾಡಳಿತ ಮಂತ್ರಿಯಾಗಿದ್ದ ಲಿಯೊಪೋಲ್ಡ್ ವಾಬರ್ "ಜನಾಂಗ" ಅನ್ನುವ ಒಂದೇ ಶಬ್ದ ಹಿಡಿದು ಅರ್ಜಿಗಳನ್ನು ತಿರಸ್ಕರಿಸಿದ. ಭಾಷೆ ಸರಿ ಇದೆ, ಜನಾಂಗ ಸರಿ ಇಲ್ಲ! ಹಳೇ ದೇಶದಲ್ಲಿ ಅವರಿಗೆ ಜಾಗ ಇತ್ತು. ಹೊಸದರಲ್ಲಿ ಇರಲಿಲ್ಲ. ಇಪ್ಪತ್ತು ವರ್ಷ ಕಳೆಯುವುದರೊಳಗೆ ಅಲ್ಲಿ ಏನಾಯಿತು ಅಂತ ನಿಮ್ಮ ಬೀದಿಯಲ್ಲಿ ನಾಜಿಗಳು ಕೊಂದ ಯಹೂದಿಗಳ ನೆನಪಿಗೆ ಹಾಕಿದ ಕಲ್ಲುಗಳ ಮೇಲೆ ಬರೆದದ್ದನ್ನು ನೀನೇ ನನಗೆ ಓದಿ ಹೇಳಿದ್ದೀಯ.

ಗೊತ್ತು, ಗೊತ್ತು. "ಅದು ನೂರು ವರ್ಷದ ಹಿಂದಿನ ಮಾತು, ಈಗ ಕಾನೂನು ಬೇರೆ" ಅಂತೀಯ. ಸರಿಯೇ. ಅದೊಂದೇ ಊರಿನ ದೋಷ ಅಂತಲೂ ನಾನು ಹೇಳುತ್ತಿಲ್ಲ. ಚೆಕೊಸ್ಲೊವಾಕಿಯ 30 ಲಕ್ಷಕ್ಕೂ ಹೆಚ್ಚು ಜರ್ಮನ್ನರನ್ನು ಒಳಗಿಟ್ಟುಕೊಂಡು ಚೆಕ್ಕರ, ಸ್ಲೊವಾಕರ ರಾಷ್ಟ್ರ ಅಂದುಕೊಂಡಿತು. 1920ರ ಟ್ರಿಯಾನನ್ ಒಪ್ಪಂದದಲ್ಲಿ ಹಂಗೇರಿ ಮೂರರಲ್ಲಿ ಎರಡು ಪಾಲು ನೆಲ ಕಳೆದುಕೊಂಡಿತು. ನೋಟಿನ ಮೇಲೆ ಬೇರೆಯವರಿಗೆ ಜಾಗ ಕೊಡದವರ ಪೈಕಿ ಸುಮಾರು 30 ಲಕ್ಷ ಜನ ಬೇರೆಯವರ ದೇಶದಲ್ಲಿ ಅಲ್ಪಸಂಖ್ಯಾತರಾದರು. ಒಂದು ದೊಡ್ಡ ಸಾಮ್ರಾಜ್ಯ ಹೋಗಿ ಅರ್ಧ ಡಜನ್ ಸಣ್ಣ ಸಾಮ್ರಾಜ್ಯಗಳಾದವು, ಒಂದೊಂದರ ಮನೆಯೊಡೆಯ ಮಾತ್ರ ಬೇರೆ.

ನಿಮ್ಮ ಮುತ್ತಜ್ಜ ಮುಂಬೈ ಪ್ರಾಂತದಲ್ಲಿ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, 1956ರಲ್ಲಿ ಮೈಸೂರು ರಾಜ್ಯದವನಾಗಿ, 1973ರಲ್ಲಿ ಕರ್ನಾಟಕದವನಾದ. ಮನೆ ಬಿಟ್ಟು ಕದಲಲಿಲ್ಲ. ಗಡಿ ಅವನ ಅಂಗಳದ ಆಚೀಚೆ ಓಡಾಡಿತು. ಆದರೆ ಅವನ ಜೇಬಿನ ನೋಟು ಬದಲಾಗಲಿಲ್ಲ, ವೋಟು ಹೋಗಲಿಲ್ಲ. ಮರಾಠಿ ಮಾತಾಡುವ ಪಕ್ಕದ ಮನೆಯವರದೂ ಹೋಗಲಿಲ್ಲ. ಬೋರ್ಡಿಗೆ ಮಸಿ ಬಳಿಯುವುದು, ಬಸ್ಸಿಗೆ ಕಲ್ಲು ಹೊಡೆಯುವುದು ಇಂದಿಗೂ ಇದೆ, ನನಗೂ ಸಾಕಾಗಿದೆ. ಆದರೂ ಇಲ್ಲಿ ಜಗಳ ಆಡುವವರಿಬ್ಬರ ಕೈಯಲ್ಲೂ ಒಂದೇ ಪಾಸ್‌ಪೋರ್ಟ್ ಇರುತ್ತದೆ. ಇದನ್ನು ನಾನು ಸಣ್ಣ ವಿಷಯ ಅಂದುಕೊಂಡಿದ್ದೆ. ನೀನು ಪ್ರಮಾಣಪತ್ರ ಕೇಳಿದ ದಿನ ದೊಡ್ಡದಾಯಿತು.

ನೋಡು, ಪತ್ರ ಅಂತ ಶುರು ಮಾಡಿ ಪಾಠ ಮಾಡುತ್ತಿದ್ದೇನೆ. ನಿಮ್ಮಪ್ಪ ಇಣುಕಿ ನೋಡಿ "ಪರೀಕ್ಷೆಗೂ ಇಷ್ಟು ಬರೆದಿರಲಿಕ್ಕಿಲ್ಲ" ಅಂತ ಹೋದರು.

ನಿನ್ನ ಬಗ್ಗೆ ಹೆಮ್ಮೆ ಇಲ್ಲ ಅಂದುಕೊಳ್ಳಬೇಡ. ಆ ಜರ್ಮನ್ ಪರೀಕ್ಷೆ ಪಾಸಾದದ್ದು, ರಾತ್ರಿ ಪಾಳಿ ಮಾಡಿಕೊಂಡು ಓದಿದ್ದು, ಯಾರ ಹಂಗೂ ಇಲ್ಲದೆ ಮನೆ ಮಾಡಿದ್ದು ಎಲ್ಲ ಓಣಿಯವರಿಗೆ ಹೇಳಿ ಹೇಳಿ ಅವರಿಗೆ ಬೇಸರ ಬಂದಿದೆ. ಅಲ್ಲಿ ತೆರಿಗೆ ಕಟ್ಟುತ್ತೀಯ, ವೋಟು ಹಾಕಲು ಬರುವುದಿಲ್ಲ. ಅದು ಅನ್ಯಾಯ ಅಂದೆ. ಹೌದು, ಅನ್ಯಾಯವೇ. ಎರಡೂ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ, ಅವರದೂ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾದ ಮೇಲೆ ಇರುವ ಕಡೆಯ ಹಕ್ಕು ತೆಗೆದುಕೊಳ್ಳುವುದೇ ಸರಿ. ಬೇಡ ಅಂತ ನಾನು ಹೇಳುವುದಿಲ್ಲ. ನಾಳೆ ಬೆಂಗಳೂರು ಏರ್‌ಪೋರ್ಟಿನಲ್ಲಿ ನಾನೊಂದು ಸಾಲು, ನೀನೊಂದು ಸಾಲು. ಅದು ನನ್ನ ಸಂಕಟ, ನಾನೇ ನೋಡಿಕೊಳ್ಳುತ್ತೇನೆ.

ಆದರೆ ಕೆಲವು ಮಾತು ಕೇಳು. ಆ ಪರೀಕ್ಷೆಯ ಸರ್ಟಿಫಿಕೇಟೇ ಎಲ್ಲ ಅಂತ ತಿಳಿಯಬೇಡ. ವೋಟು ಬಂದ ಮೇಲೆ ಹಾಕು, ತಪ್ಪಿಸಬೇಡ. ನಿನ್ನ ನಂತರ ಅರ್ಜಿ ಹಿಡಿದು ನಿಲ್ಲುವವರ ಬಗ್ಗೆ ಅಲ್ಲಿನ ಪಕ್ಷಗಳು ಏನನ್ನುತ್ತವೆ ಅಂತ ನೋಡಿ ಹಾಕು. ಹಳೇ ಪಾಸ್‌ಪೋರ್ಟಿನ ಎಲ್ಲ ಪುಟ ಸ್ಕ್ಯಾನ್ ಮಾಡಿ ನನಗೊಂದು ಕಾಪಿ ಕಳಿಸು. ಒಪ್ಪಿಸಿದ ಮೇಲೆ ಕ್ಯಾನ್ಸಲ್ ಮಾಡಿ ವಾಪಸ್ ಕೊಡುತ್ತಾರಂತೆ, ಬಿಸಾಡಬೇಡ. ಒಸಿಐ, ಅಂದರೆ ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡು, ಅದರ ಅರ್ಜಿಗೆ ತಡ ಮಾಡಬೇಡ.

ನಿಮ್ಮಪ್ಪನದೂ ಒಂದು ಪ್ರಶ್ನೆ ಇದೆ. ಒಸಿಐ ಇದ್ದವರು ಇಲ್ಲಿ ಹೊಲ ಕೊಳ್ಳುವಂತಿಲ್ಲವಂತೆ, ಹಿರಿಯರಿಂದ ಬಂದರೆ ಇಟ್ಟುಕೊಳ್ಳಬಹುದಂತೆ. ಬೈಲಹೊಂಗಲದ ಹೊಲದ ಉತಾರೆಯಲ್ಲಿ ನಿನ್ನ ಹೆಸರು ಈಗಲೇ ಸೇರಿಸುವುದಾ, ಆಮೇಲಾ ಅಂತ ವಕೀಲರನ್ನು ಕೇಳಬೇಕು. ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು. ಭಾನುವಾರ ಫೋನ್ ಮಾಡು, ನಾನೇ ಎತ್ತುತ್ತೇನೆ.

ನಿನ್ನ
ಅವ್ವ