ಭಾನುವಾರದ ಚರ್ಚೆಗೆ ಬರುವ ಮುನ್ನ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಕಲಬುರಗಿ ಕೋಟೆಯ ಜಾಮಿ ಮಸೀದಿ ಹತ್ತಿರ ಸೇರೋಣ. ತಡ ಮಾಡಬೇಡಿ, ನಮ್ಮೂರ ಬಿಸಿಲು ನಿಮಗೇ ಗೊತ್ತು.

ವಿಷಯ: ಡಿ ಸ್ಟೈಲ್. 1917ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ಕಲಾ ಚಳವಳಿ. ಅದರ ಮುಖ್ಯ ಚಿತ್ರಕಾರ ಮಾಂಡ್ರಿಯನ್ ಚಿತ್ರಗಳನ್ನು ಫೋನಿನಲ್ಲೇ ನೋಡಿಕೊಂಡು ಬನ್ನಿ. ಅಡ್ಡ ಗೆರೆ, ನೆಟ್ಟಗಿನ ಗೆರೆ, ಕೆಂಪು, ಹಳದಿ, ನೀಲಿ, ಜೊತೆಗೆ ಕಪ್ಪು, ಬಿಳಿ, ಬೂದು. ಅಷ್ಟೇ. "ಇದನ್ನ ನಾನೂ ಬಿಡಿಸ್ತೀನಿ" ಅನ್ನಿಸಿದರೆ ಒಳ್ಳೆಯದು, ಬಿಡಿಸಿ ತನ್ನಿ. ಒಂದು ಗೆರೆ ಸ್ವಲ್ಪ ಸರಿಸಿದರೂ ಇಡೀ ಚಿತ್ರ ಒಂದು ಕಡೆ ವಾಲಿದಂತೆ ಕಾಣುತ್ತದೆ.

ಆಮೇಲೆ ಅದೇ ಚಳವಳಿಯ ವಾಸ್ತುಶಿಲ್ಪಿ ರೀಟ್‌ವೆಲ್ಡ್ ವಿನ್ಯಾಸ ಮಾಡಿದ, ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ ನಗರದಲ್ಲಿ 1924ರಲ್ಲಿ ಕಟ್ಟಿದ ಶ್ರೋಡರ್ ಮನೆ. ಇದರ ಪ್ಲಾನ್ ಮಾತ್ರ ತಪ್ಪದೆ ನೋಡಿ. ಮೇಲಿನ ಮಹಡಿಯಲ್ಲಿ ಸರಿಸುವ ಗೋಡೆಗಳಿವೆ. ತೆರೆದರೆ ಒಂದೇ ದೊಡ್ಡ ಜಾಗ, ಮುಚ್ಚಿದರೆ ಬೇರೆ ಬೇರೆ ಕೋಣೆ. ಬಣ್ಣಕ್ಕಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ. ಸುಮ್ನೆ ಎಲಿವೇಷನ್‌ಗೆ, ಅಂದ್ರೆ ಕಟ್ಟಡದ ಹೊರಮುಖಕ್ಕೆ, ಮೂರು ಬಣ್ಣ ಬಳಿದು ಡಿ ಸ್ಟೈಲ್ ಅನ್ನೋರೇ ಜಾಸ್ತಿ, ಅಲ್ವಾ?

ಮಸೀದಿ ಯಾಕೆ ಅಂತ ಕೆಲವರು ಕೇಳಿದ್ದೀರಿ. 1367ರ ಕಟ್ಟಡ ಅದು. ತೆರೆದ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಸೂರು. ಒಳಗೆ ಕಮಾನುಗಳ ಸಾಲು ಮೇಲೆ ಸಾಲು. ಅದನ್ನು ಆಧುನಿಕ ಅಂತ ನಾನು ಹೇಳ್ತಿಲ್ಲ. ಅಳತೆ, ಲಯ, ಖಾಲಿ ಜಾಗದ ಬಗ್ಗೆ ಮಾತಾಡುವಾಗ ಕಣ್ಣೆದುರು ನಿಜವಾದ ಕಟ್ಟಡ ಇರಲಿ ಅಂತ.

ಸ್ಕೆಚ್ ಪುಸ್ತಕ, ಸ್ಕೇಲು, ನೀರಿನ ಬಾಟಲಿ ಇರಲಿ. ಬೀದರ್, ಯಾದಗಿರಿಯಿಂದ ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.