ಇವತ್ತು ಗುಡ್ಡ ತೆರೆದಿದ್ಯಾ ಮುಚ್ಚಿದ್ಯಾ ಅಂತ ಹೇಳೋರು ಕೊಡಗಲ್ಲೂ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಶುರುವಾದ್ರೆ ಸಾಕು, ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಆ ಸುದ್ದಿ ಬಂದೇ ಬರುತ್ತೆ, ಜಲಪಾತ ನೋಡೋಕೆ ಬಂದ ಯುವಕ ಕಾಲು ಜಾರಿ ನೀರುಪಾಲು ಅಂತ. ಒಂದ್ಸಲ ಮಲ್ಲಳ್ಳಿ, ಇನ್ನೊಂದ್ಸಲ ಚೇಲಾವರ, ಹೆಸರು ಊರು ಮಾತ್ರ ಬೇರೆ. ನಾನು ಸೋಮವಾರಪೇಟೆ ಕಡೆ ಸ್ವಲ್ಪ ಕಾಫಿ ತೋಟ ಇಟ್ಕೊಂಡು ಜೊತೆಗೆ ಚಿಕ್ಕದೊಂದು ಹೋಂಸ್ಟೇ ನಡೆಸ್ತಾ ಇರೋನು. ಗೆಸ್ಟ್‌ಗಳು ಬೆಳಿಗ್ಗೆ ಎದ್ದು ಕಾಫಿ ಕುಡಿತಾ ಕೇಳೋದೇ ಇದು, ಅಂಕಲ್ ಇವತ್ತು ಮಲ್ಲಳ್ಳಿಗೆ ಹೋಗ್ಬಹುದಾ, ಮಾಂದಲ್‌ಪಟ್ಟಿ ಓಪನ್ ಇದ್ಯಾ, ಕೆಳಗಡೆ ನೀರಿನ ತನಕ ಇಳೀಬಹುದಾ ಅಂತ. ನಾನು ಆ ಕಡೆ ಗೊತ್ತಿರೋ ಒಬ್ಬರಿಗೆ ಫೋನ್ ಮಾಡ್ಬೇಕು, ಅವರು ತೋಟದಲ್ಲಿದ್ರೆ ನೆಟ್‌ವರ್ಕ್ ಇರಲ್ಲ, ಆಮೇಲೆ ಇನ್ನೊಬ್ಬರಿಗೆ, ಅವರು ರಾತ್ರಿ ಮಳೆ ಜೋರಿತ್ತು ನೋಡ್ಕೊಂಡು ಹೋಗೋಕೆ ಹೇಳಿ ಅಂತಾರೆ. ಪ್ರಾಣದ ವಿಷಯಕ್ಕೆ ಇಡೀ ಜಿಲ್ಲೆಯಲ್ಲಿ ಇರೋ ವ್ಯವಸ್ಥೆ ಇಷ್ಟೇ.

ಈ ವರ್ಷ ಕಾಫಿ ಕೊಯ್ಲು ಮುಗಿಸಿ ನಾನೂ ನನ್ನ ಹೆಂಡತಿಯೂ ಮಗಳ ಮನೆಗೆ ಮ್ಯೂನಿಕ್‌ಗೆ ಹೋಗಿದ್ವಿ, ಅಲ್ಲಿಂದ ಅಳಿಯ ನಮ್ಮನ್ನೆಲ್ಲ ಆಸ್ಟ್ರಿಯಾದ ಝೆಲ್ ಆಮ್ ಝೀ ಅನ್ನೋ ಊರಿಗೆ ಕರ್ಕೊಂಡು ಹೋದ, ಹಿಮದ ಮೇಲೆ ಜಾರೋ ಸ್ಕೀಯಿಂಗ್ ಸ್ನೋಬೋರ್ಡಿಂಗ್ ರಜೆ ಅಂತ. ಸಾಲ್ಜ್‌ಬರ್ಗ್ ರಾಜ್ಯದಲ್ಲಿರೋ ಕೆರೆ ದಡದ ಊರು ಅದು, ಜನಸಂಖ್ಯೆ ಸುಮಾರು 10,000, ನಮ್ಮ ಮಡಿಕೇರಿಗಿಂತ ಎಷ್ಟೋ ಚಿಕ್ಕದು. ಎತ್ತರದಲ್ಲೂ ಮಡಿಕೇರಿಗಿಂತ ತಗ್ಗು, ಬರೀ 757 ಮೀಟರ್. ಊರಿನ ಬೆನ್ನಿಗೇ ನಿಂತಿರೋ ಶ್ಮಿಟನ್‌ಹೋಹೆ ಬೆಟ್ಟ 1,965 ಮೀಟರ್, ನಮ್ಮ ತಡಿಯಂಡಮೋಳ್ 1,748, ಹಾಗಾಗಿ ಬೆಟ್ಟದ ಲೆಕ್ಕದಲ್ಲಿ ನಾವೇನೂ ಬಹಳ ಹಿಂದೆ ಇಲ್ಲ. ಪಕ್ಕದ ಕಾಪ್ರೂನ್ ಊರಿನ ಮೇಲಿರೋ ಕಿಟ್ಸ್‌ಸ್ಟೈನ್‌ಹಾರ್ನ್ ಮಾತ್ರ 3,203 ಮೀಟರ್, ಅಲ್ಲಿ ಹಿಮನದಿ ಇದೆ. ಊರಿನ ಮಧ್ಯದಿಂದಲೇ ಗೊಂಡೋಲ, ಅಂದ್ರೆ ತಂತಿ ಹಗ್ಗದ ಮೇಲೆ ಹೋಗೋ ಕ್ಯಾಬಿನ್, ಹತ್ತಿದ್ರೆ ಬೆಟ್ಟದ ಮೇಲೆ, ಕೆಳಗೆ ನೋಡಿದ್ರೆ ಬಿಳಿ ಗುಡ್ಡಗಳ ಮಧ್ಯೆ ಆ ಕೆರೆ, ಎಷ್ಟು ಹೊತ್ತು ನೋಡಿದ್ರೂ ಸಾಕು ಅನ್ಸಲ್ಲ. ಆದ್ರೆ ನಾನು ಪ್ರವಾಸ ಕಥನ ಬರೆಯೋಕೆ ಕೂತಿಲ್ಲ, ಅಲ್ಲಿ ನೋಡಿದ ಒಂದು ಪದ್ಧತಿ ನಮ್ಮ ಜಿಲ್ಲೆಗೆ ಬರ್ಬೇಕು ಅನ್ನೋದಕ್ಕೆ ಈ ಪತ್ರ.

ಗೊಂಡೋಲ ಹತ್ತೋ ಜಾಗದಲ್ಲಿ ಇಡೀ ಬೆಟ್ಟದ ಚಿತ್ರ ಇರೋ ದೊಡ್ಡ ಬೋರ್ಡ್ ಇದೆ, ಒಂದೊಂದು ಲಿಫ್ಟಿಗೂ ಒಂದೊಂದು ಇಳಿಜಾರಿಗೂ ದೀಪ, ಹಸಿರಿದ್ರೆ ಇವತ್ತು ತೆರೆದಿದೆ, ಕೆಂಪಿದ್ರೆ ಮುಚ್ಚಿದೆ. ಇಳಿಜಾರುಗಳಿಗೆ ಬಣ್ಣ ಬೇರೆ ಕೊಟ್ಟಿರ್ತಾರೆ, ನೀಲಿ ಅಂದ್ರೆ ಸುಲಭ, ಕೆಂಪು ಅಂದ್ರೆ ಮಧ್ಯಮ, ಕಪ್ಪು ಅಂದ್ರೆ ಚೆನ್ನಾಗಿ ಬರೋರಿಗೆ ಮಾತ್ರ, ಅದೇ ಬಣ್ಣ ದಾರಿಯುದ್ದಕ್ಕೂ ಕಂಬಕಂಬದ ಮೇಲೂ ಇರುತ್ತೆ. ಭಾಷೆ ಬರದೇ ಇರೋ ನನ್ನಂಥೋನಿಗೂ ಒಂದೇ ನಿಮಿಷದಲ್ಲಿ ಅರ್ಥ ಆಯ್ತು. ನನ್ನ ಮೊಮ್ಮಗನಿಗೆ ಇನ್ನೂ ಶಾಲೆಯಲ್ಲಿ ಕೂಡೋದು ಕಳೆಯೋದು ನಡೀತಾ ಇದೆ, ಅವನೇ ನನ್ನ ಕೈ ಹಿಡಿದು ಅಜ್ಜಾ ಅದು ಕಪ್ಪು, ಅಲ್ಲಿಗೆ ನಾವು ಹೋಗಲ್ಲ ಅಂತ ಹೇಳ್ದ.

ಸಾಮಾನು ಬಾಡಿಗೆಗೆ ಕೊಡೋ ಅಂಗಡಿಯಲ್ಲೂ ಸುಮ್ನೆ ದುಡ್ಡು ಇಸ್ಕೊಂಡು ಕಳಿಸಲ್ಲ. ತೂಕ ಎಷ್ಟು, ಎತ್ತರ ಎಷ್ಟು, ವಯಸ್ಸೆಷ್ಟು, ಮುಂಚೆ ಆಡಿದ್ದೀರಾ ಅಂತೆಲ್ಲ ಕೇಳಿ ಅದರ ಪ್ರಕಾರ ಬೂಟನ್ನ ಸ್ಕೀಗೆ ಹಿಡಿದಿಡೋ ಬೈಂಡಿಂಗಿನ ಬಿಗಿ ಹೊಂದಿಸ್ತಾರೆ, ಯಾಕಂದ್ರೆ ಬಿದ್ದಾಗ ಬೂಟು ಬಿಡಿಸ್ಕೊಳ್ಳದೇ ಇದ್ರೆ ಮೊಣಕಾಲು ಹೋಗುತ್ತೆ, ಬೇಗ ಬಿಡಿಸ್ಕೊಂಡ್ರೂ ಅಪಾಯ. ಸ್ನೋಬೋರ್ಡಿನಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರ್ತಾರೆ, ಅದು ಬಿಡಿಸ್ಕೊಳ್ಳಲ್ಲ, ಅದಕ್ಕೇ ಕಲಿಯೋರು ಕೈ ಊರಿ ಬಿದ್ದು ಮಣಿಕಟ್ಟು ಮುರ್ಕೊಳ್ಳೋದು ಜಾಸ್ತಿ ಅಂತ ಅಳಿಯ ಹೇಳ್ದ, ಅವನು ಮಣಿಕಟ್ಟಿಗೆ ಗಾರ್ಡ್ ಹಾಕ್ಕೊಂಡೇ ಹೊರಡೋದು. ಚಿಕ್ಕ ಮಕ್ಕಳಿಗೆ ಆ ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯ. ಇಳಿಯೋಕೂ ನಿಯಮ ಇದೆ, ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ ಮಾಡಿರೋ 10 ನಿಯಮ, ಹಿಂದಿಂದ ಬರೋನೇ ಮುಂದಿರೋನ ಜವಾಬ್ದಾರಿ ಹೊರ್ಬೇಕು, ದಾರಿ ಮಧ್ಯೆ ನಿಲ್ಲಬಾರದು, ಅಪಘಾತ ನೋಡಿದೋನು ನಿಂತು ಸಹಾಯ ಮಾಡ್ಲೇಬೇಕು. ಕೇಸು ಕೋರ್ಟಿಗೆ ಹೋದಾಗ್ಲೂ ಇದೇ ನಿಯಮ ಇಟ್ಕೊಂಡು ತಪ್ಪು ಯಾರದ್ದು ಅಂತ ನೋಡ್ತಾರಂತೆ.

ಒಂದಿನ ಬೆಳಿಗ್ಗೆ ನಾವು ಕಿಟ್ಸ್‌ಸ್ಟೈನ್‌ಹಾರ್ನ್‌ಗೆ ಹೋದಾಗ ಮೇಲಿನ ಲಿಫ್ಟುಗಳೆಲ್ಲ ಬಂದ್. ಕೆಳಗೆ ಬಿಸಿಲು ಚೆನ್ನಾಗೇ ಇತ್ತು, ಮೇಲೆ ಗಾಳಿ ಜೋರು ಅಂತ ನಿಲ್ಸಿದ್ರು. ಟಿಕೆಟ್ ಒಬ್ಬರಿಗೆ ದಿನಕ್ಕೆ 70 ಯೂರೋ ಮೇಲೆ, ಎಲ್ಲೆಲ್ಲಿಂದಲೋ ಬಂದ ನೂರಾರು ಜನ ಬೂಟು ಹಾಕ್ಕೊಂಡು ನಿಂತಿದ್ದಾರೆ, ಒಬ್ಬರೂ ಜಗಳಕ್ಕೆ ಹೋಗ್ಲಿಲ್ಲ, ನಾವು ಅಷ್ಟು ದೂರದಿಂದ ಬಂದಿದ್ದೀವಿ ಸ್ವಲ್ಪ ಅಡ್ಜಸ್ಟ್ ಮಾಡಿ ಅಂತ ಕೇಳೋರಿಲ್ಲ, ನಮ್ಮ ಎಂಎಲ್ಎಗೆ ಫೋನ್ ಮಾಡ್ತೀನಿ ಅನ್ನೋರಿಲ್ಲ. ಕೆಳಗಿನ ಇಳಿಜಾರು ತೆರೆದಿತ್ತು, ಜನ ಆ ಕಡೆ ಹೋದ್ರು. ಸಂಜೆ ಲಿಫ್ಟ್ ನಿಂತ ಮೇಲೆ ಗಸ್ತಿನೋರು ಮೇಲಿಂದ ಕೆಳಗೆ ತನಕ ಒಂದು ಸುತ್ತು ನೋಡ್ಕೊಂಡು ಬರ್ತಾರೆ, ಯಾರಾದ್ರೂ ಉಳ್ಕೊಂಡಿದ್ದಾರಾ ಅಂತ, ಅದಾದ್ಮೇಲೆ ಆ ದಾರಿಯಲ್ಲಿ ಇರೋ ಹಾಗೇ ಇಲ್ಲ, ಯಾಕಂದ್ರೆ ರಾತ್ರಿ ಹಿಮ ಸಮ ಮಾಡೋ ಗಾಡಿಗಳು ಉಕ್ಕಿನ ಹಗ್ಗ ಎಳ್ಕೊಂಡು ಓಡಾಡ್ತವೆ. ಕೆರೆ ಕೂಡ ಹಾಗೇ, ಚಳಿಗೆ ಹೆಪ್ಪುಗಟ್ಟಿದ್ರೂ ಊರಿನ ಆಡಳಿತದವರು ಅಳತೆ ಮಾಡಿ ಇಷ್ಟು ದಪ್ಪ ಆಗಿದೆ ಹೋಗಿ ಅಂತ ಬಿಡೋ ತನಕ ಅದರ ಮೇಲೆ ಕಾಲಿಡೋ ಹಾಗಿಲ್ಲ.

ನನ್ನನ್ನ ಎಲ್ಲಕ್ಕಿಂತ ಜಾಸ್ತಿ ಯೋಚನೆಗೆ ಹಚ್ಚಿದ್ದು ಹಿಮಕುಸಿತದ ವಿಷಯ. ಯುರೋಪಿನಲ್ಲಿ 1ರಿಂದ 5ರ ತನಕ ಒಂದು ಅಳತೆ ಇದೆ, ಚಳಿಗಾಲ ಪೂರ್ತಿ ದಿನಾ ಆ ನಂಬರ್ ಪ್ರಕಟ ಆಗುತ್ತೆ, ಮೊಬೈಲಲ್ಲಿ ಬರುತ್ತೆ, ಯಾವ ದಿಕ್ಕಿನ ಇಳಿಜಾರು ಅಪಾಯ, ಯಾವ ಎತ್ತರದ ಮೇಲೆ ಅಪಾಯ ಅನ್ನೋದೂ ಅದರಲ್ಲಿರುತ್ತೆ. ಅದರ ಜೊತೆಗೆ ಊರೂರಿಗೂ ಒಂದು ಹಿಮಕುಸಿತ ಸಮಿತಿ, ಅದರಲ್ಲಿ ಇರೋರು ಆ ಊರಿನೋರೇ, ಆ ಬೆಟ್ಟ ಹುಟ್ಟಿದಾಗಿಂದ ನೋಡಿರೋರು, ಅವರು ನೋಡಿ ಹೇಳಿದ್ರೆ ಊರಿನ ಮೇಯರ್ ರಸ್ತೆ ಮುಚ್ಚಿಸ್ತಾನೆ. ಇದೆಲ್ಲ ಸುಮ್ನೆ ಬಂದಿದ್ದಲ್ಲ, 1999ರ ಫೆಬ್ರವರಿ 23ಕ್ಕೆ ಗಾಲ್ಟೂರ್ ಅನ್ನೋ ಹಳ್ಳಿ ಮೇಲೆ ಹಿಮ ಕುಸಿದು 31 ಜನ ಸತ್ತರು, ಆಮೇಲೆ ಈ ವ್ಯವಸ್ಥೆನ ಇನ್ನೂ ಬಿಗಿ ಮಾಡಿದ್ರು. ಅಳಿಯನಿಗೆ ಗುರುತು ಹಾಕಿದ ದಾರಿ ಬಿಟ್ಟು ಹೊಸ ಹಿಮದಲ್ಲಿ ಸ್ನೋಬೋರ್ಡ್ ಮಾಡೋ ಆಸೆ, ಆ ದಿನ ನಂಬರ್ 3 ಇತ್ತು, ಬೇಡ ಅಂತ ಅವನೇ ಬಿಟ್ಟ. ಮೂರೇ ತಾನೇ, ಐದಲ್ವಲ್ಲ ಅಂತ ನಾನು ಕೇಳ್ದೆ. ಮಾವ, ಐದಿದ್ದಾಗ ಯಾರೂ ಮನೆ ಬಿಟ್ಟು ಹೊರಡಲ್ಲ, ಜನ ಜಾಸ್ತಿ ಸಾಯೋದೇ ಮೂರರಲ್ಲಿ ಅಂದ.

ಈ ಮಾತು ನಮ್ಮ ಜಲಪಾತಗಳಿಗೆ ಸರಿಯಾಗಿ ಹೊಂದುತ್ತೆ ನೋಡಿ. ಧಾರಾಕಾರ ಮಳೆ ಹೊಯ್ತಾ ಇರೋವಾಗ ಯಾವನೂ ನೀರಿಗೆ ಇಳಿಯಲ್ಲ. ಮಳೆ ನಿಂತು ಒಂದು ಬಿಸಿಲು ಬಂತು, ಬಂಡೆ ಒಣಗಿದ ಹಾಗೆ ಕಾಣುತ್ತೆ, ಪಾಚಿ ಹಾಗೇ ಇರುತ್ತೆ, ಮೇಲೆ ಪುಷ್ಪಗಿರಿ ಕಡೆ ಹೊಯ್ದ ಮಳೆ ಕುಮಾರಧಾರೆಯಲ್ಲಿ ಆಮೇಲೆ ಬರುತ್ತೆ, ಆಗ ಸೆಲ್ಫಿ ತಗೊಳ್ಳೋಕೆ ಅಂತ ಇಳೀತಾರೆ. ಇದು ಶಾಂತಳ್ಳಿ ಕಡೆ ಇರೋ ಪ್ರತಿಯೊಬ್ಬನಿಗೂ ಗೊತ್ತು. ಬೆಂಗಳೂರಿಂದ ರಾತ್ರಿ ಹೊರಟು ಬೆಳಿಗ್ಗೆ ಬಂದು ನಿಂತ ಹುಡುಗನಿಗೆ ಹೇಗೆ ಗೊತ್ತಾಗ್ಬೇಕು? ಅಲ್ಲಿರೋ ಎಚ್ಚರಿಕೆ ಬೋರ್ಡ್ ಬೇಸಿಗೆಯಲ್ಲೂ ಅದೇ, ಆಗಸ್ಟಲ್ಲೂ ಅದೇ, ವರ್ಷಪೂರ್ತಿ ಬದಲಾಗದೇ ಇರೋ ಬೋರ್ಡನ್ನ ಯಾರೂ ಓದಲ್ಲ.

ಯಾರಾದ್ರೂ ಮುಳುಗಿದ್ರೆ ಮೊದಲು ನೀರಿಗೆ ಇಳಿಯೋರು ಯಾರು? ನಮ್ಮೂರ ಹುಡುಗ್ರೇ. ಲುಂಗಿ ಎತ್ತಿಕಟ್ಟಿ, ಮನೆಯಲ್ಲಿದ್ದ ಹಗ್ಗ ತಗೊಂಡು ಇಳೀತಾರೆ, ಹೆಣ ಎತ್ಕೊಂಡು ಬರ್ತಾರೆ, ಅವತ್ತು ರಾತ್ರಿ ಊಟ ಸೇರಲ್ಲ ಅವರಿಗೆ. ಅವರಿಗೆ ಲೈಫ್ ಜಾಕೆಟ್ ಇಲ್ಲ, ತರಬೇತಿ ಇಲ್ಲ, ವಿಮೆ ಇಲ್ಲ, ಅವರಲ್ಲೊಬ್ಬ ಹೋದ್ರೆ ಅವನ ಹೆಂಡತಿ ಮಕ್ಕಳಿಗೆ ಏನು ಅನ್ನೋದಕ್ಕೆ ಯಾರ ಹತ್ರನೂ ಉತ್ತರ ಇಲ್ಲ. ಆಸ್ಟ್ರಿಯಾದಲ್ಲೂ ಬೆಟ್ಟದ ರಕ್ಷಣಾ ಪಡೆಯೋರು ಬಹುಪಾಲು ಸ್ವಯಂಸೇವಕರೇ, ಸಂಬಳ ಇಲ್ಲ, ಆದ್ರೆ ತರಬೇತಿ ಇದೆ, ಹಗ್ಗ ಸ್ಟ್ರೆಚರ್ ರೇಡಿಯೋ ಎಲ್ಲ ಇದೆ, 140 ಅಂತ ಅವರಿಗೇ ಒಂದು ನಂಬರ್ ಇದೆ. ಹಿಮದಡಿ ಹೂತು ಹೋದೋನು 15 ನಿಮಿಷ ದಾಟಿದ ಮೇಲೆ ಬದುಕೋದು ಕಷ್ಟ, ಹಾಗಾಗಿ ಪಕ್ಕದಲ್ಲಿ ಇರೋನೇ ಅಗೆದು ತೆಗೀಬೇಕು, ಗುರುತು ಹಾಕಿದ ದಾರಿ ಬಿಟ್ಟು ಹೋಗೋ ಪ್ರತಿಯೊಬ್ಬನ ಹತ್ರ ಸಿಗ್ನಲ್ ಕೊಡೋ ಟ್ರಾನ್ಸ್‌ಸೀವರು, ಚುಚ್ಚಿ ನೋಡೋ ಕೋಲು, ಸಲಿಕೆ ಇರ್ಬೇಕು ಅನ್ನೋದು ಅದಕ್ಕೇ. ನೀರಲ್ಲಿ ಹದಿನೈದು ನಿಮಿಷನೂ ಸಿಗಲ್ಲ. ಬದುಕಿ ಬಂದ್ರೂ ದೊಡ್ಡ ಪೆಟ್ಟಾಗಿದ್ರೆ ನಮಗೆ ಇನ್ನೂ ಮೈಸೂರೋ ಮಂಗಳೂರೋ ಅಂತ ಓಡೋ ಪರಿಸ್ಥಿತಿ.

ಅಲ್ಲಿನೋರಿಂದ ತಪ್ಪೇ ಆಗಲ್ಲ ಅಂತ ನಾನು ಹೇಳಲ್ಲ. 2000ದ ನವೆಂಬರ್ 11ಕ್ಕೆ ಇದೇ ಕಾಪ್ರೂನ್‌ನಲ್ಲಿ ಸುರಂಗದೊಳಗೆ ಹೋಗ್ತಿದ್ದ ಬೆಟ್ಟದ ರೈಲಿಗೆ ಬೆಂಕಿ ಬಿದ್ದು 155 ಜನ ಸತ್ತಿದ್ದಾರೆ. ಆ ರೈಲು ಮತ್ತೆ ಪ್ರಯಾಣಿಕರಿಗೆ ಓಡ್ಲೇ ಇಲ್ಲ, ಈಗ ಗೊಂಡೋಲದಲ್ಲೇ ಹೋಗೋದು, ಕೆಳಗೆ ಸ್ಟೇಷನ್ ಹತ್ರ ಸ್ಮಾರಕ ಇದೆ, ನಾವು ಒಳಗೆ ಹೋಗಿ ನಿಂತು ಬಂದ್ವಿ, ನನ್ನ ಹೆಂಡತಿಗೆ ಮಾತೇ ಬರ್ಲಿಲ್ಲ. ನಮಗೂ 2018ರ ಆಗಸ್ಟ್ ಇದೆ, ಜೋಡುಪಾಲ ಮಕ್ಕಂದೂರು ಕಡೆಯ ಗುಡ್ಡಗಳು ಕಣ್ಣೆದುರಿಗೇ ಇಳಿದು ಬಂದಿದ್ದು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಿದ್ದು. ಅಷ್ಟಾದ್ಮೇಲೂ ಬೆಳಿಗ್ಗೆ ಎದ್ದು ಈ ಗುಡ್ಡ ಇವತ್ತು ಹೇಗಿದೆ ಅಂತ ನೋಡಿ ಒಂದು ನಂಬರ್ ಹೇಳೋ ಮನುಷ್ಯ ನಮ್ಮ ಪ್ರವಾಸಿ ಜಾಗಗಳಲ್ಲಿ ಇಲ್ಲ.

ಮುಚ್ಚಿದ್ರೆ ನಮ್ಮ ಹೊಟ್ಟೆಪಾಡೇನು ಅಂತ ಜೀಪಿನೋರು, ಹೋಂಸ್ಟೇಯೋರು ಕೇಳ್ತಾರೆ, ನಾನೂ ಅವರಲ್ಲೊಬ್ಬ, ಆ ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಈಗ ಏನಾಗ್ತಿದೆ ನೋಡಿ, ಮಳೆ ಜೋರಾಯ್ತು ಅಂದ್ರೆ ಎಲ್ಲಾ ಒಟ್ಟಿಗೆ ಬಂದ್ ಅಂತ ಒಂದು ಆದೇಶ, ಟಿವಿಯಲ್ಲಿ ಕೊಡಗಿಗೆ ಹೋಗ್ಬೇಡಿ ಅಂತ ಬರುತ್ತೆ, ಬುಕಿಂಗ್ ಎಲ್ಲ ಕ್ಯಾನ್ಸಲ್. 2018ರಂಥ ಸಮಯದಲ್ಲಿ ಅದು ಸರಿ, ಪ್ರತಿ ಮಳೆಗೂ ಅದೇ ಆದ್ರೆ ಹೇಗೆ? ಜಾಗಜಾಗಕ್ಕೂ ಬೇರೆ ಬೇರೆ ಬಣ್ಣ ಇದ್ರೆ ಮಲ್ಲಳ್ಳಿ ಕೆಂಪು, ರಾಜಾಸೀಟ್ ಹಸಿರು, ಅಬ್ಬಿಯಲ್ಲಿ ಮೇಲಿಂದ ನೋಡೋಕೆ ಮಾತ್ರ ಅವಕಾಶ ಅಂತ ಹೇಳಿ ಗೆಸ್ಟನ್ನ ಆ ಕಡೆ ಕಳಿಸ್ಬಹುದು, ಅವರು ವಾಪಸ್ ಬೆಂಗಳೂರಿಗೆ ಹೋಗಲ್ಲ. ಕಿಟ್ಸ್‌ಸ್ಟೈನ್‌ಹಾರ್ನ್‌ನಲ್ಲಿ ನಾನು ನೋಡಿದ್ದು ಅದನ್ನೇ, ಮೇಲೆ ಮುಚ್ಚಿದ್ರೂ ಕೆಳಗಿನ ಹೋಟ್ಲು ತುಂಬಿತ್ತು.

ದುಡ್ಡಿಲ್ಲ ಅಂತ ಹೇಳ್ಬಹುದು. ಅಲ್ಲಿ ಉಳ್ಕೊಳ್ಳೋ ಪ್ರತಿಯೊಬ್ಬ ಪ್ರವಾಸಿಯಿಂದ ರಾತ್ರಿಗೆ ಇಷ್ಟು ಅಂತ ಹೋಟೆಲಿನೋರೇ ಇಸ್ಕೊಂಡು ಸ್ಥಳೀಯ ಪ್ರವಾಸೋದ್ಯಮದ ಖರ್ಚಿಗೆ ಕಟ್ತಾರೆ, ನಮ್ಮ ಬಿಲ್ಲಲ್ಲೂ ಅದು ಬೇರೆಯಾಗೇ ಬರೆದಿತ್ತು. ಇಲ್ಲೂ ಒಬ್ಬ ಗೆಸ್ಟಿಗೆ ರಾತ್ರಿಗೆ ಹತ್ತಿಪ್ಪತ್ತು ರೂಪಾಯಿ ಇಟ್ರೆ ಯಾರೂ ಬೇಡ ಅನ್ನಲ್ಲ, ಪಾರ್ಕಿಂಗ್‌ಗೆ ಕೊಡ್ತಾರಲ್ಲ. ಆ ದುಡ್ಡು ಎಲ್ಲೋ ಮೇಲೆ ಹೋಗಿ ಸೇರ್ಕೊಳ್ಳದೇ ಆಯಾ ಗ್ರಾಮ ಪಂಚಾಯ್ತಿಯಲ್ಲೇ ಉಳಿದು ಇದಕ್ಕೇ ಖರ್ಚಾಗ್ಬೇಕು, ಲೆಕ್ಕ ಪಂಚಾಯ್ತಿ ಬಾಗಿಲಲ್ಲಿ ಅಂಟಿಸ್ಬೇಕು.

ಜಿಲ್ಲಾಡಳಿತಕ್ಕೆ ನಿಮ್ಮ ಪತ್ರಿಕೆ ಮೂಲಕ ನನ್ನ ಮನವಿ, ಈ ಮಳೆಗಾಲಕ್ಕೆ ಎಲ್ಲಾ ಕಡೆ ಆಗದಿದ್ರೂ ಪರ್ವಾಗಿಲ್ಲ, ಮಲ್ಲಳ್ಳಿ ಮತ್ತೆ ಚೇಲಾವರ ಎರಡರಿಂದ ಶುರು ಮಾಡಿ. ಊರಿನ ಹಿರಿಯರು, ಅರಣ್ಯ ಇಲಾಖೆಯೋರು, ಪೊಲೀಸಿನೋರು ಸೇರಿದ ಚಿಕ್ಕ ಸಮಿತಿ, ಅವರು ಬೆಳಿಗ್ಗೆ ಏಳು ಗಂಟೆಗೆ ನೋಡಿ ಬಣ್ಣ ಹೇಳ್ಲಿ, ಅದು ಗೇಟಿನ ಬೋರ್ಡಲ್ಲಿ, ಎಲ್ಲಾ ಹೋಂಸ್ಟೇಗಳ ವಾಟ್ಸಾಪಲ್ಲಿ ಒಟ್ಟಿಗೇ ಬರ್ಲಿ. ಕೆಂಪು ಅಂದ ದಿನ ಗೇಟಿಗೆ ಬೀಗ, ಯಾರ ಶಿಫಾರಸ್ಸಿಗೂ ತೆಗೆಯೋ ಹಾಗಿಲ್ಲ. ಆ ಎರಡು ಕಡೆಯ ಈಜು ಬಲ್ಲ ಹುಡುಗರ ಹೆಸರು ಬರ್ಕೊಂಡು ಅವರಿಗೆ ತರಬೇತಿ, ಜಾಕೆಟ್ಟು, ಹಗ್ಗ ಮತ್ತೆ ವಿಮೆ ಜೂನ್ ಒಳಗೆ ಮಾಡ್ಸಿ. ಇದಕ್ಕೆ ಮೀಟಿಂಗ್ ಕರೆದ್ರೆ ನಾನು ಬರ್ತೀನಿ, ಬರೋ ಇನ್ನೂ ಕೆಲವು ಹೋಂಸ್ಟೇಯೋರನ್ನೂ ಕರ್ಕೊಂಡು ಬರ್ತೀನಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ,
ಸೋಮವಾರಪೇಟೆ ತಾಲೂಕು, ಕೊಡಗು