ಸರ್ವರ್ ಡೌನ್ ಬೋರ್ಡಿಗೆ ಲ್ಯಾಮಿನೇಷನ್ ಬೇರೆ!

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ನಮ್ಮ ನಾಡಕಚೇರಿ ಮುಂದೆ ಪ್ರಮಾಣಪತ್ರಕ್ಕೆ ಕಾದವರ ಸಾಲಿನ ಫೋಟೊ ಬಂದಿತ್ತಲ್ಲ, ಅದರಲ್ಲಿ ಎಡಗಡೆ ಛತ್ರಿ ಹಿಡಿದು ನಿಂತವನು ನಾನೇ. ಪಕ್ಕದಲ್ಲಿ ವೇಲಿನಿಂದ ಮುಖ ಮುಚ್ಚಿಕೊಂಡವಳು ನನ್ನ ಮಗಳು. ಕ್ಲಾಸಿನವರು ನೋಡಿಬಿಟ್ಟರೆ ಅಂತ ಅವಳಿಗೆ ನಾಚಿಕೆ. ಸುದ್ದಿಯ ಕೊನೆಗೆ ‘ತಾಂತ್ರಿಕ ತೊಂದರೆ ಸರಿಹೋಗಿದೆ, ವಿದ್ಯಾರ್ಥಿಗಳು ಆತಂಕ ಪಡಬೇಕಿಲ್ಲ’ ಎಂದು ಸಾಹೇಬರು ಹೇಳಿದ್ದನ್ನೂ ಹಾಕಿದ್ದಿರಿ. ಅದನ್ನು ನಂಬಿ ನಿನ್ನೆ ಮತ್ತೆ ಹೋದೆ. ಇದು ಮೂರನೇ ಸಲ.

ಏಳೂವರೆಗೆ ಹೋದರೆ ಆಗಲೇ ಮೂವತ್ತು ಜನ. ಅರ್ಧ ಜನ ಇಲ್ಲ, ಅವರ ಚಪ್ಪಲಿ, ನೀರಿನ ಬಾಟ್ಲಿ ಸಾಲಿನಲ್ಲಿ ನಿಂತಿದ್ದವು. ಕಿಟಕಿ ತೆರೆದದ್ದು ಹನ್ನೊಂದಕ್ಕೆ. ನಾಲ್ಕು ಜನರದ್ದು ಆಯಿತೋ ಇಲ್ಲವೋ, ಒಳಗಿನಿಂದ ಒಂದು ಹಾಳೆ ತಂದು ಗಾಜಿಗೆ ನೇತು ಹಾಕಿದರು. ‘ಸರ್ವರ್ ಡೌನ್ ಇದೆ, ಸಹಕರಿಸಿ.’ ನಾನು ಟೈಲರ್, ನನ್ನ ಕಣ್ಣು ಮೊದಲು ಅಂಚಿಗೇ ಹೋಗುತ್ತದೆ. ನೋಡಿದರೆ ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದಾರೆ! ಮೇಲೆ ಎರಡು ತೂತು, ಅದಕ್ಕೊಂದು ಹಸಿರು ದಾರ. ಇವತ್ತೋ ನಾಳೆಯೋ ಸರ್ವರ್ ಸರಿಹೋಗುತ್ತದೆ ಎಂದು ನಂಬಿದವರು ಅದಕ್ಕೆ ಲ್ಯಾಮಿನೇಷನ್ ಮಾಡಿಸ್ತಾರಾ ಸ್ವಾಮಿ? ದಾರವಂತೂ ಕೈಯಾಡಿ ಆಡಿ ಕಪ್ಪಾಗಿದೆ.

ನಮಗೆ ಬೇಕಿದ್ದದ್ದು ಒಂದು ಆದಾಯ ಪ್ರಮಾಣಪತ್ರ, ಅಷ್ಟೇ. ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮಾಡಿಸಿದ್ದು, ಐದು ವರ್ಷ ಮುಗಿಯಿತು. ಈಗ ಬಿಎಸ್‌ಸಿ ಎರಡನೇ ವರ್ಷ. ನಾವು ಪರಿಶಿಷ್ಟ ಜಾತಿಯವರು, ಮನೆಯ ಆದಾಯ 2.5 ಲಕ್ಷದೊಳಗಿದ್ದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗುತ್ತದೆ. ಹೊಸ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕದೆ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ವೆಬ್‌ಸೈಟಿನಲ್ಲಿ, ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ಕಾಲೇಜಿನ ಆಫೀಸಿನಲ್ಲಿ ‘ಈಗ ಫೀಸು ಕಟ್ಟಿ, ದುಡ್ಡು ಬಂದಾಗ ನೋಡೋಣ’ ಎನ್ನುತ್ತಾರೆ. ಕಟ್ಟೋಕೆ ದುಡ್ಡಿದ್ದಿದ್ದರೆ ನಾನ್ಯಾಕೆ ಮಳೆಯಲ್ಲಿ ಚಪ್ಪಲಿಗಳ ಜೊತೆ ನಿಲ್ಲುತ್ತಿದ್ದೆ?

ಫೀಸಿನ ಮಾತು ಬಿಡಿ. ಮನೆಯಿಂದಲೇ ಓಡಾಡುವ ಡಿಗ್ರಿ ಹುಡುಗಿಗೆ ಅದು ಬಿಟ್ಟು ಕೈಗೆ ಸಿಗುವುದು ವರ್ಷಕ್ಕೆ 3,000 ರೂಪಾಯಿ. ಕೂತು ಲೆಕ್ಕ ಹಾಕಿದೆ, ದಿನಕ್ಕೆ ಎಂಟು ರೂಪಾಯಿ ಚಿಲ್ಲರೆ. ಅದರಲ್ಲೂ 60:40 ಅಂತೆ. ಮೊದಲು ರಾಜ್ಯದವರು ತಮ್ಮ 40 ಪಾಲು ಹಾಕಬೇಕು, ಆಮೇಲೆ ಕೇಂದ್ರದವರು 60. ಎಂಟು ರೂಪಾಯಿಗೆ ಎರಡು ಸರ್ಕಾರ! ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಈ ಎಂಟು ರೂಪಾಯಿಗಾಗಿ ನಾನು ಮೂರು ದಿನ ಅಂಗಡಿ ಬಾಗಿಲು ಹಾಕಿದೆ. ಗೌರಿ ಹಬ್ಬ ಎದುರಿಗಿದೆ, ಹದಿನೆಂಟು ಬ್ಲೌಸ್ ಕತ್ತರಿಸಿಟ್ಟಿದ್ದು ಹಾಗೇ ಬಿದ್ದಿದೆ. ಜೆರಾಕ್ಸ್, ಟೀ, ಬಸ್ ಚಾರ್ಜು ಬೇರೆ. ಶಕ್ತಿ ಯೋಜನೆ ಪುಣ್ಯದಿಂದ ಮಗಳ ಟಿಕೆಟ್ ಉಳಿಯಿತು, ಅದಕ್ಕೆ ಥ್ಯಾಂಕ್ಸ್. ಬಡವ ಎಂದು ತೋರಿಸಲು ದುಡಿಮೆ ಬಿಟ್ಟು ನಿಲ್ಲಬೇಕು. ಇನ್ನೆರಡು ಸಲ ನಿಂತರೆ ಪ್ರಮಾಣಪತ್ರವೇ ಬೇಡ, ಮುಖ ನೋಡಿದರೆ ಗೊತ್ತಾಗುತ್ತದೆ.

ಹೋದ ವರ್ಷದ್ದು ಇನ್ನೊಂದು ಕತೆ. ಅರ್ಜಿ ಮಂಜೂರಾಗಿದೆ, ದುಡ್ಡಿಲ್ಲ. ಬ್ಯಾಂಕಿಗೆ ಹೋದರೆ ‘ಎನ್‌ಪಿಸಿಐ ಆಗಿಲ್ಲ’ ಎಂದರು. ಆಧಾರ್ ಲಿಂಕ್ ಆಗಿದೆಯಲ್ಲ ಎಂದರೆ, ಲಿಂಕ್ ಬೇರೆ ಎನ್‌ಪಿಸಿಐ ಬೇರೆ ಅಂತೆ, ಸರ್ಕಾರದ ದುಡ್ಡು ಯಾವ ಖಾತೆಗೆ ಬೀಳಬೇಕು ಎನ್ನುವುದು ಅದರಲ್ಲಿರುತ್ತದಂತೆ. ಪ್ರೈಮರಿ ಸ್ಕೂಲಿನಲ್ಲಿ ತೆರೆಸಿದ್ದ ಯಾವುದೋ ಹಳೇ ಖಾತೆಗೆ ಅದು ಅಂಟಿಕೊಂಡಿತ್ತು. ಆ ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಸೇರಿ ಹೋಗಿ ಬೋರ್ಡೇ ಬದಲಾಗಿದೆ. ಅದನ್ನು ಬಿಡಿಸಲು ನಾಲ್ಕು ಸಲ ಓಡಾಡಿದೆ. ಇದು ಮುಗಿಯಿತು ಎನ್ನುವಷ್ಟರಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಒಂದು ಅಕ್ಷರ ಆಚೆಯಿಂದ ಈಚೆಗೆ ತರಲು ಮತ್ತೆ ಒಂದು ದಿನ.

ನಮ್ಮಮ್ಮನ ಪಿಂಚಣಿಯದ್ದೂ ಇದೇ ಹಾಡು. ಎರಡು ವರ್ಷದ ಹಿಂದೆ ನಿಂತುಹೋಗಿತ್ತು. ಆಟೋದಲ್ಲಿ ಕರೆದುಕೊಂಡು ಹೋಗಿ ಎದುರಿಗೆ ಕೂರಿಸಿದರೂ ‘ಬದುಕಿದ್ದಾರೆ ಅಂತ ಏನಾದರೂ ಕಾಗದ ಇದೆಯಾ’ ಎಂದು ಕೇಳಿದರು. ಅಮ್ಮ ಕೆಮ್ಮಿ ತೋರಿಸಿದಳು. ಗ್ರಾಮ ಲೆಕ್ಕಿಗರನ್ನು ಈಗ ಗ್ರಾಮ ಆಡಳಿತಾಧಿಕಾರಿ ಎನ್ನಬೇಕಂತೆ. ಅನ್ನೋಣ, ಅದಕ್ಕೇನು. ಆದರೆ ಮೂರು ಊರಿಗೆ ಒಬ್ಬರೇ, ಸೋಮವಾರ ಇಲ್ಲಿ, ಮಂಗಳವಾರ ಮೀಟಿಂಗ್. ಅವರ ಮೊಬೈಲಿಗೆ ಸರ್ಕಾರ ತುಂಬಿದ ಆ್ಯಪ್‌ಗಳ ವಿರುದ್ಧ ಅವರೇ 2024ರಲ್ಲಿ ಮುಷ್ಕರ ಮಾಡಿದ್ದರು, ಅದರಲ್ಲಿ ನ್ಯಾಯ ಇಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಬೀದಿಯ ಚರಂಡಿ ಕಲ್ಲು ಬಿದ್ದು ಒಂದೂವರೆ ವರ್ಷವಾಯಿತು, ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ.

ಅರ್ಜಿಯ ಕೊನೇ ದಿನಾಂಕ ಮುಂದೂಡಬೇಕು. ಅಥವಾ ಬೇಡ, ಇವರು ಅಲ್ಲಿಯವರೆಗೂ ಸುಮ್ನೆ ಕೂರುತ್ತಾರೆ. ಇನ್ನೊಂದು ಕಿಟಕಿ ತೆರೆಯಲಿ. ಇಲ್ಲವೇ ‘ಆತಂಕ ಪಡಬೇಕಿಲ್ಲ’ ಎಂದ ಆ ಸಾಹೇಬರು ನಾಳೆ ಏಳೂವರೆಗೆ ಬಂದು ತಮ್ಮ ಚಪ್ಪಲಿ ಇಡಲಿ. ಏನಾದರೂ ಒಂದು ಮಾಡಲಿ, ಸಂಬಳ ಬರುತ್ತದಲ್ವಾ?

ಅಂದಹಾಗೆ, ಬೋರ್ಡ್ ನೇತು ಹಾಕಿದ ಮೇಡಂ ಅವರದೂ ಒಂದು ಬ್ಲೌಸ್ ನನ್ನ ಅಂಗಡಿಯಲ್ಲಿದೆ. ಸಂಜೆ ಬಂದು ‘ಇನ್ನೂ ಆಗಿಲ್ವಾ?’ ಎಂದು ಜೋರು ಮಾಡಿ ಹೋದರು. ಮೇಡಂ, ಮಷೀನ್ ಡೌನ್ ಇದೆ. ಸಹಕರಿಸಿ.

ಇಂತಿ,
ಸಾಲಿನಲ್ಲಿ ನಿಂತ ಒಬ್ಬ ಟೈಲರ್